395 ಹೈವೇಗೆ ಟ್ರೇಲರ್ ಎಳೆದುಕೊಂಡು ಹೊರಟವರಿಗೆ: ಮೊದಲು ಚಕ್ರ ಬಿಚ್ಚಿ ನೋಡಿ

"ಬೇರಿಂಗ್ ಎಲ್ಲಾ ಈಗಷ್ಟೇ ಸರ್ವಿಸ್ ಆಗಿದೆ. ನೀವು ಸುಮ್ನೆ ಕಟ್ಟಿಕೊಂಡು ಹೋಗೋದಷ್ಟೇ." ಗಾಡಿಯ ಹಿಂದೆ ಕಟ್ಟಿ ಎಳೆಯುವ, ಒಳಗೆ ಪುಟ್ಟ ಮನೆಯಂತಿರುವ ಟ್ರೇಲರ್ ಮಾರಿದವನು ಹೇಳಿದ ಈ ಮಾತನ್ನು ನಂಬಿದೆ. ಬಿಲ್ ತೋರಿಸು ಅಂತ ಕೇಳಲಿಲ್ಲ. ಹಾಸಿಗೆ, ಒಲೆ, ಶವರ್ ಎಲ್ಲಾ ಎರಡೆರಡು ಸಲ ನೋಡಿದವನು ಒಂದು ಸಲವೂ ಬಗ್ಗಿ ಚಕ್ರ ನೋಡಲಿಲ್ಲ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದರು. ಹೋದಲ್ಲೆಲ್ಲಾ ಅಮ್ಮ ಅನ್ನ ಸಾರು ಮಾಡಿಕೊಳ್ಳಬಹುದು ಅಂತ 22 ಅಡಿಯ ಹಳೇ ಟ್ರೇಲರ್ ಕೊಂಡು, ಅಕ್ಟೋಬರ್‌ನಲ್ಲಿ 395 ಹೈವೇ ಮೇಲಿನ ಊರುಗಳಾದ ಲೋನ್ ಪೈನ್, ಬಿಷಪ್ ಕಡೆ ಹೊರಟೆವು.

ದಾರಿ ಬಗ್ಗೆ ಒಂದು ಮಾತು. ನಮ್ಮ ಬೇ ಏರಿಯಾದಿಂದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಪ್ರದೇಶ) ಹತ್ತಿರ ಅಂತ ಮ್ಯಾಪ್ ಬೆಟ್ಟ ದಾಟುವ ಸೊನೋರಾ ಪಾಸ್ ದಾರಿ ತೋರಿಸಬಹುದು. ಅಲ್ಲಿ ಕೆಲವು ಕಡೆ 26% ಏರು ಇದೆ. ಟ್ರೇಲರ್ ಕಟ್ಟಿಕೊಂಡು ಆ ಕಡೆ ತಲೆ ಹಾಕಬೇಡಿ. ಟೈಯೋಗಾ ಪಾಸ್ 9,943 ಅಡಿ ಎತ್ತರದಲ್ಲಿದೆ, ಹಿಮ ಬಿದ್ದರೆ ಮುಚ್ಚಿಬಿಡುತ್ತಾರೆ. ನಾವು ಬೇಕರ್ಸ್‌ಫೀಲ್ಡ್, ಟೆಹಾಚಪಿ, ಮೊಹಾವಿ ಸುತ್ತಿಕೊಂಡು ಹೋದೆವು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿಗೆ ಗಂಟೆಗೆ 55 ಮೈಲಿಯೇ ಮಿತಿ. ಹಾಗಾಗಿ ಮ್ಯಾಪ್ ಹೇಳುವ ಟೈಮಿಗೆ ಎರಡು ಗಂಟೆ ಸೇರಿಸಿಕೊಳ್ಳಿ.

ಬೇಕರ್ಸ್‌ಫೀಲ್ಡ್ ಹತ್ತಿರ ಟ್ರಕ್‌ನವರಿಗೆಂದೇ ಇರುವ ಒಂದು ಪಂಜಾಬಿ ಢಾಬಾದಲ್ಲಿ ನಿಲ್ಲಿಸಿದೆವು. ಬೋರ್ಡು ಬಣ್ಣಗೆಟ್ಟಿತ್ತು, ನೆಲ ಜಿಡ್ಡು, ಕುರ್ಚಿ ಪ್ಲಾಸ್ಟಿಕ್ಕು. ನನ್ನ ಹೆಂಡತಿ ಮುಖ ಸಿಂಡರಿಸಿದಳು. ಆಲೂ ಪರಾಠ ಹೆಂಚಿನಿಂದ ನೇರ ತಟ್ಟೆಗೆ ಬಂತು. ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಗಟ್ಟಿ ಮೊಸರು, ಮಾವಿನಕಾಯಿ ಉಪ್ಪಿನಕಾಯಿ, ಹಸಿ ಈರುಳ್ಳಿ. ಮೂರು ವಾರದಿಂದ ಇಲ್ಲಿನ ಬ್ರೆಡ್ಡು ನೋಡಿ ನಿಟ್ಟುಸಿರು ಬಿಡುತ್ತಿದ್ದ ಅಪ್ಪ ಮೂರು ಪರಾಠ ಮುಗಿಸಿ, "ಇನ್ನೊಂದು ಹೇಳು" ಅಂದರು. ಟೀಗೆ ಶುಂಠಿ ಜಜ್ಜಿ ಹಾಕಿದ್ದರು, ಪುಡಿಯಲ್ಲ. ನಾಲ್ಕು ಜನಕ್ಕೆ 46 ಡಾಲರ್. ನಾಷ್ಟಾಕ್ಕೆ ಅದಕ್ಕಿಂತ ಜಾಸ್ತಿ ಕೊಟ್ಟು ಹಸಿದುಕೊಂಡೇ ಎದ್ದು ಬಂದ ಜಾಗಗಳು ಎಷ್ಟೋ ಇವೆ.

ಅಲ್ಲಿ ಇನ್ನೊಂದು ಲಾಭವೂ ಆಯಿತು. ಅಪ್ಪ ತಮ್ಮ ಹರುಕುಮುರುಕು ಹಿಂದಿಯಲ್ಲಿ ಒಬ್ಬ ಸರ್ದಾರ್ಜಿ ಡ್ರೈವರ್ ಜೊತೆ ಮಾತಿಗಿಳಿದಿದ್ದರು. ಆತ ಹೊರಗೆ ಬಂದು ನಮ್ಮ ಟ್ರೇಲರ್ ಟೈರಿನ ಪಕ್ಕವನ್ನು ಬೆರಳಲ್ಲಿ ಒರೆಸಿ ತೋರಿಸಿದ: 3215. ಅಂದರೆ 2015ರ 32ನೇ ವಾರ ತಯಾರಾದ ಟೈರು. ನಾವು ಹೋದದ್ದು 2023ರಲ್ಲಿ. ಟೈರಿನ ಮೇಲಿನ ಅಚ್ಚು (ಟ್ರೆಡ್) ಇನ್ನೂ ಚೆನ್ನಾಗಿಯೇ ಇತ್ತು, ಆದರೆ ಟ್ರೇಲರ್ ಟೈರು ಸವೆಯುವ ಮೊದಲೇ ಒಣಗಿ ಸಾಯುತ್ತದೆ. ಐದಾರು ವರ್ಷಕ್ಕೆ ಬದಲಾಯಿಸಲೇಬೇಕು. ಅವತ್ತೇ ಬೇಕರ್ಸ್‌ಫೀಲ್ಡ್‌ನಲ್ಲಿ ನಾಲ್ಕೂ ಹೊಸದು ಹಾಕಿಸಿದೆ. ಅರ್ಧ ದಿನ ಹೋಯಿತು. ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತು ಮೈಲಿಯೊಳಗೆ ನಿಲ್ಲಿಸಿ ನಟ್ಟುಗಳನ್ನು ಮತ್ತೆ ಟಾರ್ಕ್ ರೆಂಚಿನಲ್ಲಿ (ಬಿಗಿ ಅಳೆದು ತೋರಿಸುವ ಸ್ಪ್ಯಾನರ್) ಬಿಗಿ ಮಾಡಬೇಕು. ಎಷ್ಟು ಬಿಗಿ ಅನ್ನುವುದು ಟ್ರೇಲರ್ ಪುಸ್ತಕದಲ್ಲಿದೆ, ಅಂದಾಜು ಬೇಡ.

ಹಾಗೆ ನಟ್ಟು ನೋಡಲು ಮೊಹಾವಿಯ ಪೆಟ್ರೋಲ್ ಬಂಕ್‌ನಲ್ಲಿ ನಿಂತಾಗಲೇ ಗೊತ್ತಾಗಿದ್ದು. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ 30 ವರ್ಷ ಮೆಕ್ಯಾನಿಕ್ ಆಗಿದ್ದವರು. ಯಾರೂ ಹೇಳದೆಯೇ ಒಂದೊಂದೇ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ಹತ್ತಿರ ಅಂಗೈ ಹಿಂಭಾಗ ಹಿಡಿಯುತ್ತಾ ಹೋದರು. ನಾಲ್ಕನೆಯದರ ಹತ್ತಿರ ಕೈ ಕೊಡವಿಕೊಂಡರು. "ಇದು ಸುಡ್ತಿದೆ ಕಣೋ."

ಇಳಿಜಾರು ಇಳಿದ ಮೇಲೆ ಬ್ರೇಕಿನಿಂದ ನಾಲ್ಕೂ ಬಿಸಿ ಇರುವುದು ಸಹಜ. ಮೂರು ಒಂದು ಥರ, ನಾಲ್ಕನೆಯದು ಇನ್ನೊಂದು ಥರ ಇದ್ದರೆ ಗಾಡಿ ಮುಂದೆ ಬಿಡಬೇಡಿ. ಫೋನ್ ಮಾಡಿದರೆ ಗಾಡಿ ಇದ್ದಲ್ಲಿಗೇ ಬಂದು ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್, ನಾಳೆ ಮಧ್ಯಾಹ್ನ ಬರುತ್ತೇನೆ, ಒಂದು ಚಕ್ರಕ್ಕೆ 650 ಡಾಲರ್ ಅಂದ. ಅಪ್ಪನಿಗೆ ಅದನ್ನು ರೂಪಾಯಿಯಲ್ಲಿ ಹೇಳಿದೆ. ಅವರು ಆಗಲೇ ಶರ್ಟಿನ ತೋಳು ಮಡಚುತ್ತಿದ್ದರು.

ಹತ್ತಿರದ ಬಿಡಿಭಾಗದ ಅಂಗಡಿಗೆ ಹೋದೆ. ಇಲ್ಲಿನ ಇಂಥ ಅಂಗಡಿಗಳಲ್ಲಿ ಎಷ್ಟೋ ಕಡೆ ಡಿಪಾಸಿಟ್ ಇಟ್ಟುಕೊಂಡು ಟೂಲ್ಸ್ ಪುಕ್ಕಟೆ ಎರವಲು ಕೊಡುತ್ತಾರೆ. ಇದು ಗೊತ್ತಿರಲಿ. ಎದುರು ಬದಿಯ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕಿಯನ್ನು ಆಕ್ಸಲ್‌ಗೆ ಕೊಡದೆ ಫ್ರೇಮಿಗೆ ಕೊಟ್ಟು ಎತ್ತಿದೆವು. ಕ್ಯಾಪ್ ತೆಗೆದರೆ ಒಳಗೆ ಗ್ರೀಸ್ ಅನ್ನುವುದೇ ಇಲ್ಲ, ಸುಟ್ಟ ಬೆಲ್ಲದ ಹಾಗೆ ಒಂದಿಷ್ಟು ಅಂಟು. "ಈಗಷ್ಟೇ ಸರ್ವಿಸ್" ಅಂದರೆ ಇದು! ಹೊರಗಿನ ಬೇರಿಂಗ್ ರೋಲರ್ ಮೇಲೆಲ್ಲಾ ಸಣ್ಣ ಗುಳಿ. ನಂಬರ್ ಬೇರಿಂಗ್ ಮೇಲೆಯೇ ಕೊರೆದಿರುತ್ತದೆ. 3,500 ಪೌಂಡ್ ಆಕ್ಸಲ್‌ಗೆ ಸಾಮಾನ್ಯವಾಗಿ ಹೊರಗಿನದು ಎಲ್44649, ಒಳಗಿನದು ಎಲ್68149. ಒಂದೊಂದು ಸೆಟ್, ಜೊತೆಗೆ ಆಯಿಲ್ ಸೀಲ್ ಮತ್ತು ಸ್ಪ್ಲಿಟ್ ಪಿನ್ ಮನೆಯಿಂದಲೇ ಒಯ್ಯಿರಿ.

ಅಪ್ಪ ಎಡ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆದರು. ಆ ಕಡೆಯಿಂದ ಗ್ರೀಸ್ ಶಾವಿಗೆಯ ಹಾಗೆ ಹೊರಬರುವವರೆಗೆ ಬಿಡಲಿಲ್ಲ. ಬೇರಿಂಗ್ ಕೂರುವ ಹಳೇ ಬಳೆಯನ್ನು (ಕಪ್) ಬಡಿದು ತೆಗೆದು ಹೊಸದು ಕೂರಿಸಿದರು. ಚಕ್ರ ತಿರುಗಿಸುತ್ತಾ ನಟ್ಟು ಬಿಗಿ ಮಾಡಿ, ಪೂರ್ತಿ ಸಡಿಲ ಬಿಟ್ಟು, ಮತ್ತೆ ಬೆರಳಲ್ಲಿ ಮಾತ್ರ ಬಿಗಿ ಮಾಡಿ ಪಿನ್ ಹಾಕಿದರು. ಖರ್ಚು 60 ಡಾಲರ್ ದಾಟಲಿಲ್ಲ. ಇದು ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ ಮಾಡುವ ಕೆಲಸ. ಆಕ್ಸಲ್ ತುದಿಯಲ್ಲಿ ಗ್ರೀಸ್ ತುಂಬುವ ನಿಪ್ಪಲ್ ಇದೆ ಅಂತ ಗ್ರೀಸ್ ಗನ್ ಇಟ್ಟು ಜೋರಾಗಿ ಒತ್ತಬೇಡಿ. ಸೀಲ್ ಹಾರಿ ಗ್ರೀಸೆಲ್ಲಾ ಬ್ರೇಕ್ ಶೂ ಮೇಲೆ ಕೂರುತ್ತದೆ.

ರಾತ್ರಿ ಆಗಿತ್ತು ಅಂತ ದಾರಿಯಲ್ಲಿ ಇಂಥ ಟ್ರೇಲರ್ ನಿಲ್ಲಿಸಲೆಂದೇ ಇರುವ ಒಂದು ಖಾಸಗಿ ಆರ್‌ವಿ ಪಾರ್ಕ್‌ನಲ್ಲಿ ಉಳಿದೆವು. 78 ಡಾಲರ್, ಬರೀ ಜಲ್ಲಿಕಲ್ಲು. ಪಕ್ಕದವರ ಟಿವಿ ನಮ್ಮ ಹಾಸಿಗೆಗೆ ಕೇಳಿಸುತ್ತಿತ್ತು. ನನಗೆ ಜನಜಂಗುಳಿ ಮೊದಲೇ ಆಗಲ್ಲ. ಸಾಲದ್ದಕ್ಕೆ ಅಲ್ಲಿನ ನಲ್ಲಿಯ ಪ್ರೆಷರ್‌ಗೆ ಸಿಂಕ್ ಕೆಳಗಿನ ಪೈಪ್ ಜಾಯಿಂಟ್ ಬಿಟ್ಟುಕೊಂಡಿತು. ಪ್ರೆಷರ್ ರೆಗ್ಯುಲೇಟರ್ ಹಾಕದೆ ಎಲ್ಲೂ ನೀರಿನ ಪೈಪ್ ಜೋಡಿಸಬೇಡಿ. ಮಾರನೇ ದಿನ ಲೋನ್ ಪೈನ್ ಹತ್ತಿರದ ಟಟಲ್ ಕ್ರೀಕ್ ಸರ್ಕಾರಿ ಕ್ಯಾಂಪಿಗೆ ಹೋದೆವು. ಕರೆಂಟ್ ಇಲ್ಲ, ನಲ್ಲಿಗೆ ಪೈಪ್ ಜೋಡಿಸುವ ಹಾಗಿಲ್ಲ. ಎದುರಿಗೆ ವಿಟ್ನಿ ಬೆಟ್ಟ. ಎರಡು ರಾತ್ರಿ ಇರಬೇಕೆಂದು ಹೋಗಿ ನಾಲ್ಕು ರಾತ್ರಿ ಇದ್ದೆವು.

ಲೀ ವೈನಿಂಗ್‌ನಲ್ಲಿ ಮಳೆ ಬಂದಾಗ ಚಾವಣಿ ಸೋರಿತು. ಫ್ಯಾನ್ ಸುತ್ತಲಿನ ಸೀಲಂಟ್ (ನೀರು ತಡೆಯುವ ಅಂಟು) ಬಿರುಕು ಬಿಟ್ಟಿತ್ತು, ಅದರ ಮೇಲೆ ಹಳೇ ಯಜಮಾನ ಸಿಲಿಕೋನ್ ಮೆತ್ತಿದ್ದ. ಅಪ್ಪ "ಎಮ್‌ಸೀಲ್ ಇದ್ಯಾ?" ಅಂದರು. ರಬ್ಬರ್ ಚಾವಣಿಗೆ ಅದೂ ಆಗಲ್ಲ, ಸಿಲಿಕೋನೂ ಆಗಲ್ಲ. ಸಿಲಿಕೋನ್ ಕೂತ ಜಾಗಕ್ಕೆ ಬೇರೇನೂ ಅಂಟುವುದೇ ಇಲ್ಲ. ಅದನ್ನು ಕೆರೆದು ತೆಗೆಯುವುದರಲ್ಲೇ ಒಂದು ಬೆಳಿಗ್ಗೆ ಕಳೆಯಿತು. ಆಮೇಲೆ ಒರೆಸಿ, ಪೂರ್ತಿ ಒಣಗಿಸಿ, ಎಟರ್ನಾಬಾಂಡ್ ಟೇಪ್ ಒತ್ತಿದೆ. ಮನೆಗೆ ಬಂದ ಮೇಲೆ ಡೈಕಾರ್ ಸೀಲಂಟ್ ಹಾಕಿದೆ. ಆರು ತಿಂಗಳಿಗೊಮ್ಮೆ ಏಣಿ ಹಾಕಿ ಮೇಲೆ ನೋಡಿ.

ಉಳಿದ ದಿನಗಳ ಫೋಟೋ ಎಲ್ಲರ ಹತ್ತಿರವೂ ಇರುತ್ತವೆ, ಬಿಡಿ. ಹಾಂ, ಆ ಢಾಬಾ. ವಾಪಸ್ ಬರುವಾಗ ಮಧ್ಯಾಹ್ನ ಒಂದು ಗಂಟೆಗೆ ಹೋದೆವು. ಟ್ರಕ್‌ಗಳು ತುಂಬಿ ಟ್ರೇಲರ್ ತಿರುಗಿಸಲು ಜಾಗವೇ ಇರಲಿಲ್ಲ, ಹಾಗೇ ಮುಂದೆ ಬಂದೆವು. ನೀವು ಹನ್ನೊಂದಕ್ಕೆ ಮೊದಲೇ ಹೋಗಿ.