ಹಡಗು ಹತ್ತಿದೆ, ದ್ವೀಪಕ್ಕೆ ಇಳಿಯಲಿಲ್ಲ

ಮಲ್ಪೆಯಲ್ಲೇ ಬೆಳೆದವ ನಾನು. ಎದುರಿಗೇ ಇರುವ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗದೆ 11 ವರ್ಷ ಆಯ್ತು. ದೊಡ್ಡ ಬೋಟಿನಿಂದ ನಡುನೀರಲ್ಲಿ ಸಣ್ಣ ಬೋಟಿಗೆ ದಾಟಬೇಕು. ಗಾಲಿಕುರ್ಚಿಯವನನ್ನು ಮೂಟೆಯ ಹಾಗೆ ಎತ್ತಿ ಇಳಿಸುವುದು ನನಗೆ ಸರಿ ಬರುವುದಿಲ್ಲ.

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಕ್ರೂಸ್ ಹಡಗಿನ ಟಿಕೆಟ್ ಮಾಡುವಾಗ ಅಕ್ಕ ಕೇಳಿದ್ದು ಒಂದೇ: "ಬಾತ್‌ರೂಮಿನ ಬಾಗಿಲು ಎಷ್ಟು ಅಗಲ ಉಂಟಂತೆ?" ನನ್ನ ಕುರ್ಚಿ 25 ಇಂಚು. ಮಾಮೂಲಿ ಕ್ಯಾಬಿನ್ನಿನ ಬಾತ್‌ರೂಮಿಗೆ ಎತ್ತರದ ಹೊಸ್ತಿಲು, ಬಾಗಿಲೂ ಕಿರಿದು. ನಮ್ಮಂಥವರಿಗೆಂದೇ ಮಾಡಿದ ಕ್ಯಾಬಿನ್ ಇಡೀ ಹಡಗಿನಲ್ಲಿ ಬೆರಳೆಣಿಕೆ. ಮೂರು ಸಲ ಫೋನ್ ಮಾಡಿ, ಕೊನೆಗೆ ಅಳತೆಯನ್ನು ಈಮೇಲಿನಲ್ಲೇ ತರಿಸಿಕೊಂಡೆ.

ಹಡಗಿನೊಳಗೆ ಸ್ವರ್ಗ ಮಾರಾಯ್ರೆ! ಲಿಫ್ಟು, ರಾತ್ರಿ ಡೆಕ್ಕಿನ ಗಾಳಿ. ಬ್ರೇಕ್ ಹಾಕಲು ಮಾತ್ರ ಮರೆಯಬಾರದು. ಒಂದು ಸಲ ಅಲೆಗೆ ಕುರ್ಚಿ ತಾನಾಗಿಯೇ ಊಟದ ಕಡೆ ಹೊರಟಿತ್ತು. (ಮೀನು ಸಾರು ಸಪ್ಪೆ, ಅದು ಬೇರೆ ವಿಷಯ.)

ಲಕ್ಷದ್ವೀಪದ ಅಗತ್ತಿ ದ್ವೀಪ ಬಂತು. ದಡದ ಹತ್ತಿರ ಆಳವಿಲ್ಲ, ಹಡಗು ದೂರದಲ್ಲೇ ನಿಂತಿತು. ಇಳಿಯಬೇಕಾದರೆ ಸಣ್ಣ ಬೋಟು. ಪುನಃ ಅದೇ ಮಲ್ಪೆಯ ಕತೆ! ಅಕ್ಕನನ್ನು ಒತ್ತಾಯ ಮಾಡಿ ಕಳಿಸಿದೆ. ಆ ನೀಲಿಯನ್ನೇ ನೋಡುತ್ತ ಎರಡು ಚಾ ಕುಡಿದೆ. ಸಂಜೆ ಅವಳು ಒಂದು ಬಾಟಲಿ ಟ್ಯೂನಾ ಉಪ್ಪಿನಕಾಯಿ ಹಿಡಿದುಕೊಂಡು ಬಂದಳು.