ಜೋನ ಟೋಪಿ

ತೀರ್ಥಹಳ್ಳಿಯಲ್ಲಿ ಮೂರು ದಿನಗಳಿಂದ ಬಿಡದೆ ಸುರಿಯುತ್ತಿರುವ ಮಳೆಯಲ್ಲಿ, ಜಗಲಿಯ ಮೂಲೆ ಹಿಡಿದು, 1860–61ರಲ್ಲಿ ಧಾರಾವಾಹಿಯಾಗಿ ಬಂದ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು ಮತ್ತೆ ಓದಿದೆ. ಹದಿಹರೆಯದಲ್ಲಿ ನನಗೆ ಕಥಾನಾಯಕ, ಅನಾಥ ಹುಡುಗ ಪಿಪ್ ಮಾತ್ರ ಕಂಡಿದ್ದ. ಈಗ ಕಣ್ಣು ಅವನ ಭಾವ, ಕಮ್ಮಾರ ಜೋ ಗಾರ್ಜರಿಯ ಮೇಲೆಯೇ ನಿಲ್ಲುತ್ತದೆ. ಕ್ರಿಸ್‌ಮಸ್ ಊಟದಲ್ಲಿ ಹಿರಿಯರೆಲ್ಲ ಹುಡುಗನನ್ನು ಚುಚ್ಚಿ ಮಾತನಾಡುವಾಗ, ಎದುರಾಡಲು ಬಾರದ ಜೋ ಅವನ ತಟ್ಟೆಗೆ ಮತ್ತೆ ಮತ್ತೆ ಗ್ರೇವಿ ಬಡಿಸುತ್ತಾನೆ (ನಮ್ಮಜ್ಜಿಯಾಗಿದ್ದರೆ ತುಪ್ಪ ಹಾಕುತ್ತಿದ್ದರು). ದೊಡ್ಡ ಮನುಷ್ಯನಾಗಲು ಲಂಡನ್ ಸೇರಿದ ಪಿಪ್‌ನನ್ನು ನೋಡಲು ಬಂದಾಗ, ಅಗ್ಗಿಷ್ಟಿಕೆಯ ಮೇಲಂಚಿನಿಂದ ಪದೇ ಪದೇ ಜಾರುವ ಟೋಪಿಯನ್ನು ಹಿಡಿಯುತ್ತ, ತಾನು ಸಾಕಿದ ಹುಡುಗನನ್ನೇ ‘ಸರ್’ ಎನ್ನುತ್ತಾನೆ. ಶಿವಮೊಗ್ಗದ ಹಾಸ್ಟೆಲಿಗೆ ಹಲಸಿನ ಹಪ್ಪಳದ ಡಬ್ಬಿ ಹಿಡಿದು ಬಂದ ಸೋದರಮಾವನನ್ನು ನಾನು ಗೆಳೆಯರಿಗೆ ‘ನಮ್ಮೂರಿನವರು’ ಎಂದಷ್ಟೇ ಪರಿಚಯಿಸಿದ್ದೆ. ಮಾವ ಅಂದು ನನ್ನನ್ನು ಬಹುವಚನದಲ್ಲಿಯೇ ಮಾತನಾಡಿಸಿ, ಕೊನೆಯ ಬಸ್ಸು ತಪ್ಪೀತೆಂದು ಬೇಗನೆ ಎದ್ದಿದ್ದರು.