ಕಿಲಿಮಂಜಾರೋ ತಪ್ಪಲಲ್ಲಿ ಟ್ಯಾಂಕ್ ಕೆಲಸ: ಮೊದಲ ಆರು ದಿನ

ದಿನ 1

ನಿನ್ನೆ ರಾತ್ರಿ ಬಂದು ಇಳಿದೆವು. ಟಾಂಜಾನಿಯಾದ ಮೋಶಿ ಪಟ್ಟಣದಿಂದ ಮೇಲಕ್ಕೆ, ಬಾಳೆ ಮತ್ತು ಕಾಫಿ ತೋಟಗಳ ನಡುವೆ ಲುಥೆರನ್ ಅನ್ನುವ ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಸಭೆ. ಚರ್ಚಿನ ತಗಡಿನ ಮಾಡಿಗೆ ದಂಬೆ ಕಟ್ಟಿ, ಮಳೆನೀರನ್ನು 5,000 ಲೀಟರ್ ಟ್ಯಾಂಕಿಗೆ ಇಳಿಸುವುದು ನಮ್ಮ ಕೆಲಸ. ಈಗ ಫೆಬ್ರವರಿ. ಮಾರ್ಚ್‌ನಿಂದ ಮೇವರೆಗೆ ಇಲ್ಲಿ ದೊಡ್ಡ ಮಳೆ. ನಮ್ಮ ಕೈಯಲ್ಲಿರುವುದು ಹತ್ತು ದಿನ.

ಬೆಳಗ್ಗೆ ಸಾಮಾನು ನೋಡಲು ಹೊರಟರೆ ಇನ್ನೂರು ಹೆಜ್ಜೆಗೆ ಮುಕ್ಕಾಲು ಗಂಟೆ ಹಿಡಿಯಿತು. ಎದುರು ಸಿಕ್ಕವರು ಕೈ ಹಿಡಿದರೆ ಬಿಡುವುದೇ ಇಲ್ಲ. ಮನೆಯವರು ಹೇಗಿದ್ದಾರೆ, ಪ್ರಯಾಣ ಹೇಗಿತ್ತು, ನಿದ್ದೆ ಬಂತಾ? ಎಲ್ಲಕ್ಕೂ ಇಲ್ಲಿನ ಸ್ವಾಹಿಲಿ ಭಾಷೆಯಲ್ಲಿ 'ನ್ಜೂರಿ', ಅಂದರೆ ಚೆನ್ನಾಗಿದೆ, ಅನ್ನಬೇಕು. ಹಿರಿಯರಿಗೆ 'ಶಿಕಾಮೋ' ಅನ್ನಬೇಕು, ಅವರು 'ಮರಹಬಾ' ಅನ್ನುತ್ತಾರೆ. ಪುಟ್ಟ ಹುಡುಗಿಯೊಬ್ಬಳು ನನಗೇ ಶಿಕಾಮೋ ಅಂದಳು. ವಯಸ್ಸಾಯ್ತು ಅಂತ ಆಗ ಗೊತ್ತಾಯ್ತು.

ರಾತ್ರಿ ನೋಟ್‌ಬುಕ್‌ನಲ್ಲಿ ಬರೆದೆ: 'ಇಲ್ಲಿ ಎಲ್ಲ ನಿಧಾನ.'

ದಿನ 2

ಇಲ್ಲಿ ಮೇಸ್ತ್ರಿಗೆ 'ಫುಂಡಿ' ಅನ್ನುತ್ತಾರೆ. ಬಡಗಿ, ಪ್ಲಂಬರ್, ದರ್ಜಿ ಎಲ್ಲರೂ ಫುಂಡಿಗಳೇ. ನಮ್ಮ ಫುಂಡಿ ಫೋನಿನಲ್ಲಿ 'ಸಾ ಮ್ಬಿಲಿ'ಗೆ ಬರುತ್ತೇನೆ ಅಂದಿದ್ದರು. ಸಾ ಅಂದರೆ ಗಂಟೆ, ಮ್ಬಿಲಿ ಅಂದರೆ ಎರಡು. ಊಟ ಮುಗಿಸಿ ಎರಡಕ್ಕೆ ಸರಿಯಾಗಿ ಹೋಗಿ ಕೂತೆವು. ಮೂರಾಯಿತು, ನಾಲ್ಕಾಯಿತು. ಯಾರೂ ಇಲ್ಲ. ನೋಡಿದಿರಾ, ನಾನು ಹೇಳಲಿಲ್ವಾ ಅಂತ ಜೊತೆಯವರ ಹತ್ತಿರ ಗೊಣಗಿಯೂ ಆಯಿತು.

ಸಂಜೆ ಸಭಾಪಾಲಕರು ಕೇಳಿ ಜೋರಾಗಿ ನಕ್ಕರು. ಸ್ವಾಹಿಲಿಯಲ್ಲಿ ದಿನದ ಗಂಟೆ ಎಣಿಸುವುದು ಸೂರ್ಯ ಹುಟ್ಟುವ ಹೊತ್ತಿನಿಂದ. ಭೂಮಧ್ಯರೇಖೆ ಹತ್ತಿರ ಇರುವುದರಿಂದ ವರ್ಷವಿಡೀ ಅದು ಹೆಚ್ಚುಕಡಿಮೆ ಒಂದೇ ಸಮಯ. ನಮ್ಮ ಬೆಳಗಿನ ಏಳು ಅವರಿಗೆ ಒಂದು, ಎಂಟು ಅವರಿಗೆ ಎರಡು. ಫುಂಡಿ ಬೆಳಗ್ಗೆ ಎಂಟಕ್ಕೇ ಬಂದು, ಹತ್ತರವರೆಗೆ ಕಾದು, ಹೋಗಿದ್ದಾರೆ. ಆರು ಗಂಟೆ ತಡ ಮಾಡಿದವರು ನಾವು.

ನೋಟ್‌ಬುಕ್‌ನ ಆ ಸಾಲು ಹೊಡೆದು ಹಾಕಿದೆ.

ದಿನ 3

ಕ್ಷಮೆ ಕೇಳಲು ಹೋದರೆ ಫುಂಡಿಯೇ ನನಗೆ 'ಪೊಲೇ', ಅಂದರೆ ಅಯ್ಯೋ ಪಾಪ, ಅಂದರು. ಒಳ್ಳೆ ಮಾತು ಅದು. ದಣಿದವರಿಗೆ, ಎಡವಿದವರಿಗೆ, ಕೆಲಸದಲ್ಲಿ ಮುಳುಗಿದವರಿಗೆ ಎಲ್ಲರೂ ಪೊಲೇ ಅನ್ನುತ್ತಾರೆ. ತಪ್ಪು ಅವರದೇ ಆಗಿರಬೇಕಿಲ್ಲ. ಮಧ್ಯಾಹ್ನ ಸುತ್ತಿಗೆ ನನ್ನ ಹೆಬ್ಬೆರಳಿಗೆ ಬಿತ್ತು. ಏಣಿಯ ಕೆಳಗಿಂದ ಆರು ಜನ ಒಟ್ಟಿಗೆ ಪೊಲೇ ಅಂದರು. ನೋವೇನೂ ಕಡಿಮೆ ಆಗಲಿಲ್ಲ, ಆದರೂ.

ದಂಬೆಗೆ ಮೀಟರಿಗೆ ಅರ್ಧ ಸೆಂಟಿಮೀಟರ್ ಇಳಿಜಾರು ಬೇಕು. ನಾನು ತಂದ ರಸಮಟ್ಟ, ಅಂದರೆ ಮಟ್ಟ ನೋಡುವ ಪಟ್ಟಿ, ಗಿಡ್ಡ; 18 ಮೀಟರ್ ಉದ್ದಕ್ಕೆ ನಂಬುವ ಹಾಗಿಲ್ಲ. ಫುಂಡಿ ಪಾರದರ್ಶಕ ಪೈಪಿಗೆ ನೀರು ತುಂಬಿ, ಎರಡು ತುದಿಯನ್ನೂ ಗೋಡೆಗೆ ಹಿಡಿದು, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಂತಲ್ಲಿ ಪೆನ್ಸಿಲ್ ಗೀಟು ಹಾಕಿದರು. ಒಂದು ತುದಿಯಲ್ಲಿ 9 ಸೆಂಟಿಮೀಟರ್ ಇಳಿಸಿ ದಾರ ಎಳೆದರು. ಹತ್ತು ನಿಮಿಷದ ಕೆಲಸ.

ದಿನ 4

ಕೊಕ್ಕೆಗಳನ್ನು ಹೊಡೆದೆವು. ಬೇರೇನಿಲ್ಲ.

ದಿನ 5, ಭಾನುವಾರ

'ಬ್ವಾನಾ ಆಸಿಫೀವೆ' ಅಂದರೆ ಕರ್ತನಿಗೆ ಸ್ತೋತ್ರ. ಸಭೆಯೆಲ್ಲ 'ಆಮೆನ್' ಅನ್ನುತ್ತದೆ. ನಾವು ಮಿಷನ್ ಟ್ರಿಪ್, ಅಂದರೆ ಕ್ರೈಸ್ತ ಸೇವೆಯ ಪ್ರವಾಸ, ಅಂತ ಹೇಳಿಕೊಂಡು ಬಂದವರು. ಜರ್ಮನಿಯ ಲೈಪ್‌ಜಿಗ್ ಮಿಷನ್‌ನವರು ಇದೇ ತಪ್ಪಲಿನ ಮಚಾಮೆಗೆ ಬಂದದ್ದು 1893ರಲ್ಲಿ. ಅಜ್ಜಿಯ ಅಜ್ಜಿ ಕಾಲದಿಂದ ಹಾಡಿಕೊಂಡು ಬಂದವರ ಗಾಯನ ತಂಡದ ಎದುರು ನಾವು ಒಂದು ಹಾಡು ಹಾಡಿದೆವು. ತಾಳ ತಪ್ಪಿತು. ಅವರೇ ಚಪ್ಪಾಳೆ ತಟ್ಟಿ ದಾರಿಗೆ ತಂದರು.

ಆರಾಧನೆ ಮುಗಿದರೂ ಯಾರೂ ಮನೆಗೆ ಹೋಗಲಿಲ್ಲ. ಹೊರಗೆ 'ಮ್ನಾಡಾ', ಅಂದರೆ ಹರಾಜು. ದುಡ್ಡಿಲ್ಲದವರು ಬಾಳೆಗೊನೆ, ಮೊಟ್ಟೆ, ಕಬ್ಬು ಕಾಣಿಕೆ ಕೊಡುತ್ತಾರೆ. ಅದನ್ನೇ ಅಲ್ಲೇ ಮಾರುತ್ತಾರೆ. ಒಂದು ಕೋಳಿಯನ್ನು ಒಬ್ಬರು ಕೊಂಡು ತಿರುಗಿ ಸಭೆಗೇ ಕೊಟ್ಟರು. ಮತ್ತೆ ಹರಾಜು. ಮೂರನೇ ಸಲ ಕೂಗಿದಾಗ ಕೋಳಿಗೂ ಬೇಜಾರಾಗಿತ್ತು. ನಾನು 4,000 ಶಿಲ್ಲಿಂಗ್ ಕೊಟ್ಟು ಮೊಟ್ಟೆ ಹಿಡಿದೆ. ಜಾಸ್ತಿಯೇ ಆಯ್ತೇನೋ, ಎಲ್ಲರೂ ಖುಷಿಯಾಗಿ ನಕ್ಕರು.

ದಿನ 6

ಒಂದು ಬದಿಯ ದಂಬೆ ಕೂತಿತು. ಬಕೆಟ್ ನೀರು ಸುರಿದು ನೋಡಿದೆವು, ಎಲ್ಲೂ ನಿಲ್ಲದೆ ಹರಿಯಿತು. ಟ್ಯಾಂಕಿನ ಕಟ್ಟೆಗೆ ಸಿಮೆಂಟ್ ಹಾಕಿ ಆಗಿದೆ, ಅದು ಗಟ್ಟಿಯಾಗಬೇಕು. ಇನ್ನೊಂದು ಬದಿ, ಇಳಿಯುವ ಪೈಪು, ಕಸ ತಡೆಯುವ ಜಾಲರಿ ಬಾಕಿ.

ನಾಳೆ ಫುಂಡಿ ಬರುವುದು ಸಾ ಮೋಜಾಗೆ, ಅಂದರೆ ಏಳಕ್ಕೆ. ನಾವು ಆರೂಕಾಲಿಗೇ ಹೊರಡುತ್ತೇವೆ. ದಾರಿಯಲ್ಲಿ ಜನ ಸಿಗ್ತಾರಲ್ಲ.